ಎಡಗಾಲಿಗೆ ಕೆಲಸವಿಲ್ಲದ ಲಾರಿ

ಅಪ್ಪ,

ಇವತ್ತು ನನಗೆ ಕ್ಲಚ್ಚೇ ಇಲ್ಲದ ಲಾರಿ ಕೊಟ್ಟರು. ಗೇರನ್ನು ಅದೇ ಬದಲಾಯಿಸಿಕೊಳ್ಳುತ್ತದೆ. ನೀನಿದ್ದಿದ್ದರೆ, "ಹಂಗಾದ್ರೆ ಡ್ರೈವರ್ ಯಾಕೆ, ಕಿಟಕಿ ನೋಡೋಕಾ?" ಅನ್ನುತ್ತಿದ್ದೆ.

ಡಿಪೋ ಗೇಟು ದಾಟುವುದರೊಳಗೇ ಮಾನ ಹೋಯಿತು. ಅಭ್ಯಾಸಬಲ, ಕ್ಲಚ್ ಹುಡುಕುತ್ತ ಹೋದ ಎಡಗಾಲು ಬ್ರೇಕನ್ನೇ ತುಳಿದುಬಿಟ್ಟಿತು. ಲಾರಿ ಗಕ್ಕನೆ ನಿಂತಿತು. ಪಕ್ಕದಲ್ಲಿದ್ದ ತರಬೇತುದಾರರ ಚಹಾ ಅವರ ಅಂಗಿಯ ಮೇಲೆ. "ತಾಯಿ, ನಾಳೆ ಆ ಕಾಲನ್ನ ಮನೇಲೇ ಬಿಟ್ಟು ಬಾ," ಅಂದರು.

ಆಮೇಲೆ ದೊಡ್ಡ ಇಳಿಜಾರು ಬಂತು, ಹಿಂದೆ ತುಂಬಿದ ಲೋಡು. ಇದರಲ್ಲೂ ಕೈಯಿಂದ ಗೇರ್ ಹಾಕಲು ಒಂದು ಗುಂಡಿಯಿದೆ. ಅವರು ಬಾಯಿ ತೆರೆಯುವ ಮೊದಲೇ ಅದನ್ನೊತ್ತಿ ಗೇರ್ ಇಳಿಸಿದ್ದೆ. ಬ್ರೇಕ್ ಮುಟ್ಟದೆಯೇ ಇಂಜಿನ್ನು ಲಾರಿಯನ್ನು ಹಿಡಿದುಕೊಂಡಿತು.

"ಇದನ್ನ ನಾನಿನ್ನೂ ಹೇಳಿಕೊಟ್ಟೇ ಇಲ್ವಲ್ಲ?"

"ನಮ್ಮಪ್ಪ ಹೇಳಿಕೊಟ್ಟಾಗಿದೆ," ಅಂದೆ.

ನನ್ನ ಕೈಮೇಲೆ ಕೈಯಿಟ್ಟು, "ಇಳಿಜಾರು ಶುರುವಾಗೋಕ್ ಮುಂಚೇನೇ ಇಳಿಸು, ಇಂಜಿನ್ ದನಿ ಕೇಳು," ಎನ್ನುತ್ತಿದ್ದೆಯಲ್ಲ, ಅದು.

ಸಂಜೆ ನನ್ನ ಮಂಡಿ ಒಂಚೂರೂ ನೋಯಲಿಲ್ಲ. ಅಮ್ಮ ದಿನಾ ಬಿಸಿನೀರಿನ ಬಟ್ಟೆ ಕಟ್ಟುತ್ತಿದ್ದ, ಕ್ಲಚ್ ತುಳಿದೂ ತುಳಿದೂ ಸವೆದ ನಿನ್ನ ಎಡಮಂಡಿ ನೆನಪಾಯಿತು. ನಾನು ಉಂಡಿದ್ದು, ಓದಿದ್ದು ಎಲ್ಲ ಆ ಮಂಡಿಯ ದುಡಿಮೆ. ಈ ಲಾರಿ ಸ್ವಲ್ಪ ಮೊದಲೇ ಬಂದಿದ್ದರೆ... ಹೋಗಲಿ ಬಿಡು.

ಕ್ಯಾಬಿನ್ನಿನಿಂದ ಇಳಿದು, ಮಂಡಿ ಹದಕ್ಕೆ ಬರುವವರೆಗೆ ನೀನು ನಿಲ್ಲುತ್ತಿದ್ದ ಹಾಗೇ, ಬಾಗಿಲು ಹಿಡಿದು ನಿಂತೆ.

"ಕಾಲು ಹಿಡ್ಕೊಂತಾ?" ಅಂದರು ತರಬೇತುದಾರರು.

"ಇಲ್ಲ ಸಾರ್, ಚೆನ್ನಾಗಿದೆ," ಅಂದೆ. ಆದರೂ ನಿಂತೇ ಇದ್ದೆ.