ನಿಂಬಿಯ ನೆರಳಿನಲ್ಲಿ ಎರಡು ಊರುಗೋಲು

ಪುಟಮನೆ, ಕಪ್ಪತಗುಡ್ಡದ ಮೇಲೂರು
ಇಸವಿ 2187, ಎರಡನೆಯ ಬೇಸಿಗೆಯ ನಲವತ್ತೊಂದನೆಯ ದಿನ

ಚಿತ್ರಗಾರ್ತಿ ವೈಜಯಂತಿ ಹೆಬಸೂರ ಅವರಿಗೆ ನೀಲಗಂಗಾ ಮಾಡುವ ನಮಸ್ಕಾರಗಳು.

ಮೇಲಿನ ತಾರೀಖು ನೋಡಿ ಯಾರೋ ತಮಾಷೆ ಮಾಡುತ್ತಿದ್ದಾರೆಂದು ಕಾಗದವನ್ನು ಮುದುಡಿ ಎಸೆಯಬೇಡಿ. ನಮಗೆ ಈಗ ವರ್ಷಕ್ಕೆ ಎರಡು ಬೇಸಿಗೆ, ಎರಡೂ ಸುಡುತ್ತವೆ. ನನ್ನ ಮಾತಿನಲ್ಲಿ ನಿಮಗೆ ಗೊತ್ತಿಲ್ಲದ ಪದಗಳು ನುಸುಳಿದರೆ ಕ್ಷಮಿಸಿ, ಆದಷ್ಟು ಬಿಡಿಸಿ ಹೇಳುತ್ತೇನೆ. ಇದು ಹಿಂದೋಲೆ, ಅಂದರೆ ಕಾಲದಲ್ಲಿ ಹಿಂದಕ್ಕೆ ಕಳಿಸುವ ಪತ್ರ. ಒಬ್ಬರಿಗೆ ಜೀವಮಾನದಲ್ಲಿ ಒಂದೇ ಸಿಗುತ್ತದೆ. ಅದು ತಲುಪುತ್ತದೆಯೋ ಇಲ್ಲವೋ ಯಾರಿಗೂ ತಿಳಿಯದು, ಇದುವರೆಗೆ ಯಾರಿಗೂ ಉತ್ತರ ಬಂದಿಲ್ಲ. ಎಲ್ಲರೂ ತಮ್ಮ ಮುತ್ತಜ್ಜಿಗೆ ಬರೆಯುತ್ತಾರೆ, ನಾನು ಗುರುತು ಪರಿಚಯವಿಲ್ಲದ ನಿಮಗೆ ಬರೆಯುತ್ತಿದ್ದೇನೆ. ನೀವು ನನಗಿಂತ ಐದಾರು ತಲೆಮಾರು ಹಿರಿಯರು ನಿಜ, ಆದರೆ ಈ ಓಲೆ ಕೈಸೇರುವ ದಿನ ನಿಮಗೆ ಮೂವತ್ತನಾಲ್ಕು, ನನಗೆ ಅರವತ್ತೆಂಟು. ಆದ್ದರಿಂದ ನಡುನಡುವೆ ಬೈದರೆ ಬೇಸರ ಮಾಡಿಕೊಳ್ಳಬಾರದು.

ನಾನು ಹಳೆಯ ಚಿತ್ರಪುಸ್ತಕಗಳನ್ನು ಕಾಪಾಡುವ ಪುಟಮನೆಯ ಕಾವಲಿನವಳು. ಬಯಲುಸೀಮೆ ವಾಸಕ್ಕೆ ಆಗದೆಹೋದಾಗ ಜನ ಈ ಗುಡ್ಡ ಹತ್ತಿದರಂತೆ. ಎಷ್ಟೋ ಮಕ್ಕಳು ಒಂಟಿಯಾಗಿ ಬಂದವು. ಅವುಗಳ ಕೈಗೆ ಆಟಿಕೆ ಕೊಡಲು ಏನೂ ಇರಲಿಲ್ಲ, ಯಾರೋ ಹೊತ್ತು ತಂದಿದ್ದ ಚಿತ್ರಪುಸ್ತಕಗಳ ಪೆಟ್ಟಿಗೆಗಳು ಮಾತ್ರ ಇದ್ದವು. ಆ ಮಕ್ಕಳು ಪುಸ್ತಕದೊಳಗಿನ ಹುಡುಗ ಹುಡುಗಿಯರನ್ನೇ ಅಣ್ಣ, ತಂಗಿ ಎಂದು ಕರೆದುಕೊಂಡು ಬದುಕಿದವು. ಅಲ್ಲಿಂದ ನಮ್ಮ ಪದ್ಧತಿ ಶುರುವಾಯಿತು. ಆರು ತುಂಬಿದ ಮಗು ಪುಟಮನೆಗೆ ಬಂದು ತನ್ನ ಹಾಗೆಯೇ ಇರುವ ಒಂದು ಮಗುವನ್ನು ಹುಡುಕಿ, ಅದರ ಮುಖದ ಮೇಲೆ ಬೆರಳಿಡಬೇಕು. ಅದೇ ಅದರ ಪುಟಗೆಳತಿ ಅಥವಾ ಪುಟಗೆಳೆಯ. ಅಂದಿನಿಂದ ಊಟಕ್ಕೆ ಕೂತಾಗ ಪಕ್ಕದಲ್ಲಿ ಇನ್ನೊಂದು ಪುಟ್ಟ ತಟ್ಟೆ ಇಡುತ್ತೇವೆ. ಬೆಳಿಗ್ಗೆ ಶಾಲೆಯಲ್ಲಿ ಎರಡೂ ಹೆಸರು ಸೇರಿಸಿ ಕೂಗುತ್ತಾರೆ. ಯಾರಿಗೆ ಪುಟಗೆಳತಿ ಸಿಗುವುದಿಲ್ಲವೋ ಅವರ ಹೆಸರನ್ನು ಎಲ್ಲರದೂ ಮುಗಿದ ಮೇಲೆ ಒಂಟಿಯಾಗಿ ಕೂಗುತ್ತಾರೆ. ಬೇಕೆಂದು ಅವಮಾನ ಮಾಡುವುದಿಲ್ಲ, ಆದರೆ ಆ ಒಂಟಿ ಹೆಸರು ಬಿದ್ದಾಗ ಎಲ್ಲ ಮಕ್ಕಳೂ ತಿರುಗಿ ನೋಡುತ್ತವೆ.

ನನಗೆ ಹುಟ್ಟಿನಿಂದ ಕಿವಿ ಕೇಳಿಸುವುದಿಲ್ಲ. ತುಟಿ ನೋಡಿ ಮಾತು ತಿಳಿಯುತ್ತೇನೆ. ಆರು ವರ್ಷದವಳಿದ್ದಾಗ ಹನ್ನೊಂದು ದಿನ ಪುಟ ತಿರುವಿದೆ, ನನ್ನಂಥವಳು ಒಬ್ಬಳೂ ಸಿಗಲಿಲ್ಲ. ಒಂಟಿ ಹೆಸರಿಗೆ ಹೆದರಿ, ಕೆಂಪು ಫ್ರಾಕಿನ ಪದ್ಮಿ ಎಂಬ ಹುಡುಗಿಯ ಮೇಲೆ ಬೆರಳಿಟ್ಟುಬಿಟ್ಟೆ. ಆ ಪುಟದಲ್ಲಿ ಅವಳು ರೇಡಿಯೋಕ್ಕೆ ಕಿವಿ ಹಚ್ಚಿ ನಗುತ್ತಿದ್ದಾಳೆ! ಅರವತ್ತೆರಡು ವರ್ಷ ಅವಳಿಗೆ ತಟ್ಟೆ ಇಟ್ಟಿದ್ದೇನೆ. ಒಂದು ದಿನವೂ ಅವಳು ನನ್ನ ಪಕ್ಕ ಬಂದು ಕೂತ ಹಾಗೆ ಅನ್ನಿಸಿಲ್ಲ. ಇನ್ನೊಬ್ಬಳು ಇದ್ದಾಳೆ, ಅವಳನ್ನು ಯಾರೂ ಚಿತ್ರಿಸಲಿಲ್ಲ. ಅವಳು ಬಾಗಿಲಲ್ಲೇ ನಿಂತಿರುತ್ತಾಳೆ. ಊಟಕ್ಕೆ ಕರೆದದ್ದು ಅವಳಿಗೆ ಕೇಳಿಸುವುದಿಲ್ಲ, ಕರೆಯಲು ನನಗೆ ಅವಳ ಹೆಸರು ಗೊತ್ತಿಲ್ಲ. ಈಗಲೂ ತುತ್ತು ಎತ್ತುವಾಗ ಒಮ್ಮೆ ಬಾಗಿಲ ಕಡೆ ನೋಡುತ್ತೇನೆ.

ಈಗ ನನ್ನ ಮೊಮ್ಮಗಳು ಶಾವಂತಿಯ ಸರದಿ. ಅವಳಿಗೆ ನಾಳೆ ಆರು ತುಂಬುತ್ತದೆ. ಎರಡು ಊರುಗೋಲು ಊರಿಕೊಂಡು ನಡೆಯುತ್ತಾಳೆ, ನಾಲಗೆ ಮಾತ್ರ ಓಡುತ್ತದೆ. ಮಾತಾಡುವ ಮೊದಲು ನನ್ನ ಗದ್ದ ಹಿಡಿದು ತನ್ನ ಕಡೆ ತಿರುಗಿಸಿಕೊಳ್ಳುತ್ತಾಳೆ. ಅವಳಿಗಾಗಿ ಪುಟಮನೆಯ ಪೆಟ್ಟಿಗೆಗಳನ್ನೆಲ್ಲ ಬರಿದು ಮಾಡಿದೆ. ಊರುಗೋಲಿನ ಮಕ್ಕಳು ಇಲ್ಲವೆಂದಲ್ಲ. ಇದ್ದವರು ಕಥೆ ಮುಗಿಯುವಷ್ಟರಲ್ಲಿ ಗುಣವಾಗಿದ್ದಾರೆ, ಇಲ್ಲವೇ ಸತ್ತಿದ್ದಾರೆ, ಇಲ್ಲವೇ ಪಕ್ಕದ ಮಗುವಿಗೆ ಬುದ್ಧಿ ಬರಲಿ ಎಂದು ಸುಮ್ಮನೆ ನಿಂತಿದ್ದಾರೆ. ನಿಮ್ಮ ಕಾಲದ ದೊಡ್ಡವರಿಗೆ ಏನಾಗಿತ್ತು, ತಾಯಿ?

ಕಡೆಗೆ ನಿಮ್ಮ ‘ನಿಂಬಿಯ ಜೋಕಾಲಿ’ ಸಿಕ್ಕಿತು. ನಿಂಬಿಗೆ ಎರಡು ಊರುಗೋಲು, ಎಣ್ಣೆ ಹಚ್ಚಿದ ಎರಡು ಜಡೆ, ಎದುರು ಹಲ್ಲು ಒಂದಿಲ್ಲ. ಪಂಚಮಿಗೆ ಜೋಕಾಲಿ ಆಡಲೇಬೇಕೆಂದು ಹಟ ಹಿಡಿದಿದ್ದಾಳೆ. ಶಾವಂತಿ ಕುಣಿದಾಡಿದಳು. ನಾಲ್ಕು ದಿನ ಮೊದಲ ಐದು ಪುಟಗಳನ್ನೇ ಮತ್ತೆ ಮತ್ತೆ ಓದಿಸಿದಳು, ನಿಂಬಿಗೆ ಉಂಡೆ ಎತ್ತಿಟ್ಟಳು. ಐದನೆಯ ದಿನ ಕೊನೆಯ ಪುಟಕ್ಕೆ ಬಂದೆವು. ಅಲ್ಲಿ ನಿಂಬಿ ಜೋಕಾಲಿಯ ಕಡೆ ಎರಡೂ ಕೈ ಬೀಸಿಕೊಂಡು ಓಡುತ್ತಿದ್ದಾಳೆ.

“ಆಯಿ, ಈಕಿ ಬಡಿಗಿ ಎಲ್ಲಿ ಹೋದ್ವು?” ಎಂದಳು ಕೂಸು.

ಬಡಿಗಿ ಎಂದರೆ ಅವಳ ಮಾತಿನಲ್ಲಿ ಊರುಗೋಲು. ಪುಟಗೆಳತಿ ಮೊದಲ ಪುಟದಿಂದ ಕೊನೆಯ ಪುಟದವರೆಗೆ ನಮ್ಮ ಹಾಗೆಯೇ ಇರಬೇಕೆಂಬುದು ನಿಯಮ. ಅದು ಶಾವಂತಿಗೂ ಗೊತ್ತು. “ಈಕೀನೂ ನನ್ನ ಬಿಟ್ಟು ಹೋದ್ಲು” ಎಂದು ಗೋಡೆಗೆ ಮುಖ ಮಾಡಿ ಮಲಗಿದವಳು ಎರಡು ದಿನ ನೀರು ಬಿಟ್ಟು ಏನೂ ಮುಟ್ಟಲಿಲ್ಲ. ಮೂರನೆಯ ಬೆಳಿಗ್ಗೆ ತಾನಾಗಿ ಎದ್ದು ಬಂದು, ಪುಸ್ತಕ ತೆರೆದು, ನನ್ನ ಗದ್ದ ಹಿಡಿದು ಎಳೆದಳು.

“ಇಲ್ಲೇ ಅದಾವ ನೋಡು! ನೆಳ್ಳಾಗ ಅದಾವ!”

ನೋಡಿದೆ. ಓಡುತ್ತಿರುವ ನಿಂಬಿಯ ಕಾಲಬುಡದಿಂದ ನೆಲದ ಮೇಲೆ ಅವಳ ನೆರಳು ಚಾಚಿದೆ. ಆ ನೆರಳಿನಲ್ಲಿ ಎರಡು ಊರುಗೋಲು ಹಾಗೆಯೇ ಇವೆ.

ನಿಮ್ಮ ಮೂಲ ಚಿತ್ರಗಳೂ ಪುಟಮನೆಯ ಪೆಟ್ಟಿಗೆಯಲ್ಲಿವೆ. ಭೂತಗನ್ನಡಿ ಹಿಡಿದು ನೋಡಿದೆ. ಊರುಗೋಲುಗಳ ಮೇಲೆ ಬಿಳಿ ಬಣ್ಣ ಬಳಿದು, ಅದರ ಮೇಲೆ ಬೀಸುವ ಕೈಗಳನ್ನು ಬರೆದಿದ್ದೀರಿ. ನೆರಳನ್ನು ಮಾತ್ರ ಅಳಿಸಿಲ್ಲ. ಹಾಳೆಯ ಹಿಂದೆ ಪ್ರಕಾಶಕರ ಚೀಟಿ ಅಂಟಿಕೊಂಡಿದೆ: ‘ಕೊನೆಗೆ ಮಗು ಗುಣವಾಗಲಿ. ಓದುವ ಮಕ್ಕಳಿಗೆ ಖುಷಿಯಾಗಬೇಕು.’ ಕೆಳಗೆ ನಿಮ್ಮ ಅಕ್ಷರದಲ್ಲಿ ಒಂದೇ ಮಾತು: ‘ಆಗಲಿ.’ ಆ ನೆರಳು ಮರೆತು ಉಳಿದದ್ದೋ, ಬೇಕೆಂದೇ ಉಳಿಸಿದ್ದೋ? ಆವತ್ತಿನಿಂದ ಇದೊಂದೇ ನನ್ನ ತಲೆ ಕೊರೆಯುತ್ತಿದೆ. ಮೈ ಹೋದ ಮೇಲೂ ಉಳಿದ ನೆರಳನ್ನು ನಾವು ದೆವ್ವವೆಂದು ಕರೆಯುತ್ತೇವೆ, ನಿಮಗೂ ಗೊತ್ತಿರಬೇಕು.

ಊರಿನ ಹಿರಿಯ ಕಲ್ಲಿನಾಥನ ಹತ್ತಿರ ಹೋಗಿ, ನೆರಳನ್ನಾದರೂ ಒಪ್ಪಿಕೊಳ್ಳಪ್ಪಾ ಎಂದು ಬೇಡಿಕೊಂಡೆ. “ನೆಳ್ಳಿಗೆ ಮುಖ ಎಲ್ಲೈತಿ? ಕೂಸು ಬೆರಳು ಎಲ್ಲಿ ಇಡಬೇಕು?” ಎಂದ. “ನಿನ್ನ ಮುಖದ ಮ್ಯಾಲೆ ಇಡತೈತಿ!” ಎಂದು ರೇಗಿ ಬಂದುಬಿಟ್ಟೆ. ರೇಗಿ ಏನು ಬಂತು, ನಿಯಮ ಹಾಗೆಯೇ ಇದೆ.

ಇನ್ನೊಂದು ಹೇಳಬೇಕು, ಅರಳುಮರಳು ಅನ್ನಬೇಡಿ. ಕಿವಿಗೆ ಕೇಳದಿದ್ದರೂ ಪುಟಮನೆಯ ಮರದ ಹಲಗೆಯ ಮೇಲೆ ಯಾರು ನಡೆದರೂ ನನ್ನ ಅಂಗಾಲಿಗೆ ಗೊತ್ತಾಗುತ್ತದೆ. ಚೀಟಿ ಓದಿದ ದಿನದಿಂದ ಮಧ್ಯಾಹ್ನದ ಹೊತ್ತಿನಲ್ಲಿ ಎರಡು ಊರುಗೋಲಿನ ಬಡಿತ, ಆಮೇಲೆ ಎಳೆದ ಹೆಜ್ಜೆ, ಮತ್ತೆ ಎರಡು ಬಡಿತ. ಶಾವಂತಿ ಎಂದುಕೊಂಡು ತಿರುಗಿದರೆ ಯಾರೂ ಇರುವುದಿಲ್ಲ, ಶಾವಂತಿ ಆಗ ಶಾಲೆಯಲ್ಲಿರುತ್ತಾಳೆ. ಈಗಲೂ, ಇದನ್ನು ಬರೆಯುತ್ತಿರುವಾಗಲೂ, ಆ ಹೆಜ್ಜೆ ಪೆಟ್ಟಿಗೆಯವರೆಗೆ ಹೋಗಿ ನಿಂತಿದೆ.

ಆ ಚೀಟಿಯ ಮೇಲಿರುವ ತಾರೀಖಿನ ಹಿಂದಿನ ದಿನಕ್ಕೆ ಗುರಿಯಿಟ್ಟು ಈ ಓಲೆ ಕಳಿಸುತ್ತಿದ್ದೇನೆ. ನಾಳೆ ನಿಮಗೆ ಚೀಟಿ ಬರುತ್ತದೆ. ಬರೆದವರು ಕೆಟ್ಟವರೇನಲ್ಲ, ಮಕ್ಕಳಿಗೆ ಖುಷಿಯಾಗಲಿ ಎಂದೇ ಬರೆದಿರುತ್ತಾರೆ. ಆದರೆ ಯಾವ ಮಕ್ಕಳಿಗೆ ಎಂದು ಅವರನ್ನು ಒಂದು ಮಾತು ಕೇಳಿ. ನಿಂಬಿ ಊರುಗೋಲು ಊರಿಕೊಂಡೇ ಜೋಕಾಲಿಗೆ ಹೋಗಲಿ. ಜೋಕಾಲಿಯ ಮೇಲೆ ಕೂತಾಗ ಅವನ್ನು ಹಿಡಿದುಕೊಂಡು ನಿಲ್ಲಲು ಯಾರಾದರೂ ಗೆಳತಿ ಇದ್ದೇ ಇರುತ್ತಾಳೆ. ಕೈಮುಗಿದು ಕೇಳುತ್ತೇನೆ, ಆ ಬಿಳಿ ಬಣ್ಣದ ಬಾಟಲಿಯ ಮುಚ್ಚಳ ತೆಗೆಯಬೇಡಿ.

ನಾಳೆ ಬೆಳಿಗ್ಗೆ ಎಲ್ಲರ ಮುಂದೆ ಪೆಟ್ಟಿಗೆ ತೆರೆಯುತ್ತೇನೆ. ನೀವು ನನ್ನ ಮಾತು ಕೇಳಿದ್ದರೆ ಪುಟದಲ್ಲಿ ಊರುಗೋಲು ಇರುತ್ತವೆ. ಇಲ್ಲವಾದರೆ ನನ್ನ ಸೆರಗಿನ ಗಂಟಿನಲ್ಲಿ ಒಂದು ಬ್ಲೇಡು ಇದೆ. ಯಾವ ಪುಟವನ್ನೂ ಕೆಡಿಸುವುದಿಲ್ಲ ಎಂದು ಆಣೆ ಮಾಡಿ ಈ ಕೆಲಸಕ್ಕೆ ಸೇರಿದವಳು ನಾನು. ಆಣೆ ಮುರಿದವರನ್ನು ಮೇಲೂರಿನಲ್ಲಿ ಇಟ್ಟುಕೊಳ್ಳುವುದಿಲ್ಲ, ಬಯಲಿಗೆ ಇಳಿಸುತ್ತಾರೆ. ಇಳಿಸಲಿ. ನಿಮ್ಮ ಮೂಲ ಚಿತ್ರದ ಮೇಲಿನ ಆ ಬಿಳಿ ಬಣ್ಣವನ್ನು ಕೂಸಿನ ಕಣ್ಣೆದುರೇ ಹೆರೆದು ತೆಗೆಯುತ್ತೇನೆ, ಅವಳು ನಿಂಬಿಯ ಮುಖದ ಮೇಲೆ ಬೆರಳಿಡುವವರೆಗೆ ಯಾರಿಗೂ ಜಗ್ಗುವುದಿಲ್ಲ.

ಶಾವಂತಿಯ ಗೆಳತಿಯನ್ನು ಹೇಗೋ ಹೊರಗೆ ತೆಗೆದೇನು. ನನ್ನವಳು ಯಾವ ಬಿಳಿ ಬಣ್ಣದ ಕೆಳಗೂ ಇಲ್ಲ. ಬಾಗಿಲಲ್ಲಿ ನಿಂತು ನಿಂತು ಅವಳಿಗೂ ಸಾಕಾಗಿದೆ. ನಿಮ್ಮ ಮುಂದಿನ ಪುಸ್ತಕದಲ್ಲಿ, ಒಂದು ಮೂಲೆಯಲ್ಲಾದರೂ ಸರಿ, ಅವಳನ್ನು ಬರೆದು ಒಂದು ಹೆಸರಿಡಿ, ತಾಯಿ.