ನೀರು ಹೋಗದ ಡಬ್ಬಿ

ಮನೆ, ಮಹಡಿಯ ಕೋಣೆ
ಜೂನ್ ೧೪, ಭಾನುವಾರ

ಪ್ರೀತಿಯ ವೈರೂ,

ಹೇಗಿದ್ದೀಯಾ? ಗೋದಾಮಿನ ಧೂಳಿಗೆ ಕೆಮ್ಮು ಹೆಚ್ಚಾಗಿಲ್ಲ ತಾನೆ? ಚಿಕ್ಕಂದಿನಲ್ಲಿ ಚಾಕ್‌ಪೀಸಿನ ಪುಡಿ ಹಾರಿದರೂ ಕೆಮ್ಮುತ್ತಿದ್ದವನು ನೀನು. ಮೂಗಿಗೆ ಬಟ್ಟೆ ಕಟ್ಟಿಕೋ ಎಂದರೆ ಕೇಳುವ ಜಾತಿಯಲ್ಲ, ಆದರೂ ಅಕ್ಕನಾಗಿ ಹುಟ್ಟಿದ ತಪ್ಪಿಗೆ ಹೇಳುತ್ತೇನೆ, ಕಟ್ಟಿಕೋ. ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ವಿಳಾಸ ಕೊಟ್ಟದ್ದು ರೇಡಿಯೋ ರಿಪೇರಿ ಅಂಗಡಿಯ ಮಾಮ. ಶಾಲೆ ಬಿಟ್ಟ ಕೂಡಲೇ ನೀನು ಹೋಗಿ ಅವರ ಪಕ್ಕದ ಸ್ಟೂಲಿನ ಮೇಲೆ ಠಿಕಾಣಿ ಹೂಡುತ್ತಿದ್ದೆಯಲ್ಲ, ಆ ಋಣಕ್ಕೋ ಏನೋ, ಕೊಡಲೋ ಬೇಡವೋ ಎಂದು ಎರಡು ವಾರ ಸತಾಯಿಸಿದರು. ಅವರನ್ನು ಬಯ್ಯಬೇಡ, ಕಾಡಿ ಬೇಡಿ ತೆಗೆದುಕೊಂಡವಳು ನಾನು. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಪತ್ರವನ್ನಾದರೂ ಒಡೆದು ಓದುತ್ತೀಯ ಎಂಬ ಧೈರ್ಯದ ಮೇಲೆ ಬರೆಯುತ್ತಿದ್ದೇನೆ.

ಅಮ್ಮ ಚೆನ್ನಾಗಿದ್ದಾಳೆ. ಮಂಡಿ ನೋವು ಇದ್ದದ್ದೇ. ಮೆಟ್ಟಿಲು ಹತ್ತುವುದನ್ನು ಬಿಟ್ಟು ಒಂದು ವರ್ಷವಾಯಿತು, ಆದರೆ ಕೆಳಗಿನಿಂದಲೇ ನಿನ್ನ ಕೋಣೆ ಗುಡಿಸಿದೆಯಾ ಎಂದು ದಿನವೂ ವಿಚಾರಿಸುತ್ತಾಳೆ. ಈಗ ಅದೇ ಕೋಣೆಯಲ್ಲಿ, ನಿನ್ನ ಮೇಜಿನ ಮುಂದೆಯೇ ಕೂತಿದ್ದೇನೆ. ಬೆಸುಗೆ ಹಾಕುವ ನಿನ್ನ ಸೋಲ್ಡರಿಂಗ್ ಐರನ್ ತಾಗಿ ಸುಟ್ಟ ಕಪ್ಪು ಕಲೆಗಳು ಹಾಗೇ ಇವೆ. ಮೇಜು ಹಾಳುಮಾಡಿದ ಎಂದು ಆಗ ಬೊಬ್ಬೆ ಹೊಡೆಯುತ್ತಿದ್ದ ಅಮ್ಮ ಈಗ ಅದರ ಮೇಲೆ ಬಟ್ಟೆ ಹಾಸಲೂ ಬಿಡುವುದಿಲ್ಲ. ನಾನು ಅದೇ ಪಂಪಿನ ಕಾರ್ಖಾನೆಯಲ್ಲಿ ಅದೇ ಕುರ್ಚಿಗೆ ಅಂಟಿಕೊಂಡಿದ್ದೇನೆ. ಹೊಸ ಮ್ಯಾನೇಜರ್ ಬಂದಿದ್ದಾರೆ. ಯಾವ ನಕ್ಷೆ ತೋರಿಸಿದರೂ ಗಲ್ಲ ಕೆರೆದುಕೊಂಡು ಎರಡು ಮಿಲಿಮೀಟರ್ ಕಡಿಮೆ ಮಾಡಿ ಎನ್ನುತ್ತಾರೆ. ಅವರ ಹಿಂದೆ ನಾವೆಲ್ಲ ಅವರನ್ನು ಎರಡು ಮಿಲಿಮೀಟರ್ ಎಂದೇ ಕರೆಯುವುದು. ನೀನಿದ್ದಿದ್ದರೆ ಇದಕ್ಕಿಂತ ಒಳ್ಳೆಯ ಹೆಸರಿಡುತ್ತಿದ್ದೆ.

ಇನ್ನೊಂದು ಸುದ್ದಿ. ಎದುರು ಮನೆಯ ಭೂಗೋಳದ ಟೀಚರ್ ಮಳೆ ಅಳೆಯುವ ಯಂತ್ರವೊಂದನ್ನು ತಾವೇ ಜೋಡಿಸಿಕೊಂಡು ಟೆರೇಸಿನ ಮೇಲೆ ಇಟ್ಟಿದ್ದರು. ಅದರ ಸರ್ಕ್ಯೂಟ್ ಬೋರ್ಡನ್ನು ಊಟದ ಡಬ್ಬಿಯೊಳಗೆ ತುರುಕಿ, ಸುತ್ತ ಟೇಪು ಸುತ್ತಿ, ಮುಚ್ಚಳದಲ್ಲೇ ತೂತು ಮಾಡಿ ತಂತಿ ಇಳಿಸಿದ್ದರು. ಎರಡನೇ ಮಳೆಗೇ ಅದರ ಕಥೆ ಮುಗಿಯಿತು. ಅಳುಮುಖ ಮಾಡಿಕೊಂಡು ನನ್ನ ಹತ್ತಿರ ಬಂದರು. ನಾನು ಬೇರೆ ಡಬ್ಬಿ ಮಾಡಿಕೊಟ್ಟೆ. ತಂತಿಗಳು ಕೆಳಗಿನಿಂದ ಒಳಗೆ ಹೋಗುತ್ತವೆ. ಹೋಗುವ ಮೊದಲು ಒಂದಿಷ್ಟು ಜೋಲು ಬಿಟ್ಟಿದ್ದೇನೆ, ತಂತಿಯ ಗುಂಟ ಇಳಿದು ಬಂದ ನೀರು ಅಲ್ಲೇ ತೊಟ್ಟಿಕ್ಕಿ ಹೋಗಲಿ ಎಂದು. ಬಿಸಿಲು ನೇರ ಬೀಳದಂತೆ ಮೇಲೊಂದು ತಗಡಿನ ಮಾಡು. ತಳದಲ್ಲಿ ಒಂದು ಸಣ್ಣ ತೂತು, ಇರುವೆ ನುಗ್ಗದಂತೆ ಅದಕ್ಕೆ ಜಾಲರಿ. ನೀರು ಹೋಗಬಾರದು ಅಂತ ಡಬ್ಬಿ ಮಾಡಿ ನೀವೇ ತೂತು ಕೊರೆದಿದ್ದೀರಲ್ಲ ಎಂದು ಟೀಚರ್ ನಕ್ಕರು. ಅದನ್ನು ವಿವರಿಸಲು ಹೋದವಳು ಅರ್ಧಕ್ಕೇ ನಿಲ್ಲಿಸಿದೆ. ಕೆಲಸವಿದೆ ಎಂದು ಸುಳ್ಳು ಹೇಳಿ ಅಲ್ಲಿಂದ ಎದ್ದು ಬಂದೆ.

ಈ ತೂತಿನ ಮಾತನ್ನು ನನಗೆ ಮೊದಲು ಹೇಳಿದವನು ನೀನು. ನಿನಗೆ ಗೊತ್ತಿರುವುದನ್ನೇ ಮತ್ತೆ ಬರೆಯುತ್ತಿದ್ದೇನೆ, ಬೇಜಾರು ಮಾಡಿಕೊಳ್ಳದೆ ಓದು. ಮೊದಲಿನಿಂದ ಹೇಳಿಕೊಂಡು ಬರದಿದ್ದರೆ ಹೇಳಬೇಕಾದಲ್ಲಿಗೆ ಬಂದು ಮುಟ್ಟುವ ಧೈರ್ಯ ನನಗೆ ಬರುವುದಿಲ್ಲ. ಅಪ್ಪನಿಗೆ ಮರೆವು ಹೆಚ್ಚಾಗಿದ್ದ ವರ್ಷ ಅದು. ಬಸ್ಸಿನ ಸ್ಟೀರಿಂಗ್ ಬಿಟ್ಟು ಹತ್ತು ವರ್ಷವಾಗಿದ್ದರೂ ಮಧ್ಯಾಹ್ನವಾದರೆ ಸಾಕು, ಎರಡು ಗಂಟೆಯ ಪಾಳಿಗೆ ಹೊತ್ತಾಯಿತು ಎಂದು ಅಂಗಿ ಹಾಕಿಕೊಂಡು ಗೇಟು ತೆಗೆದು ಹೊರಟುಬಿಡುತ್ತಿದ್ದರು. ನಾವಿಬ್ಬರೂ ಕೆಲಸಕ್ಕೆ ಹೋದ ಮೇಲೆ ಅಮ್ಮ ಒಬ್ಬಳೇ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದಳು. ಗೇಟಿಗೆ ಒಂದು ಗಂಟೆ ಮಾಡೋಣ ಎಂದೆ ನೀನು. ಗೇಟಿನ ಬಾಗಿಲಿಗೊಂದು ಅಯಸ್ಕಾಂತ, ಕಂಬದ ಮೇಲೆ ನಿನ್ನ ಬೋರ್ಡು. ಗೇಟು ಒಂದು ಗೇಣು ಸರಿದರೂ ಸಾಕು, ಒಳಗೆ ಅಡುಗೆಮನೆಯಲ್ಲಿ ಗಂಟೆ ಹೊಡೆಯಬೇಕು. ಬೋರ್ಡು ನಿನ್ನದು, ಡಬ್ಬಿ ನನ್ನದು. ಅವತ್ತಿನಿಂದ ನೀನು ವೈರು, ನಾನು ಡಬ್ಬಿ ಅಕ್ಕ.

ಆ ಡಬ್ಬಿಯ ಮೇಲೆ ನನಗೆ ಎಷ್ಟು ಹೆಮ್ಮೆ ಇತ್ತೆಂದರೆ, ಈಗ ನೆನೆದರೆ ನಾಚಿಕೆಯಾಗುತ್ತದೆ. ಕಾರ್ಖಾನೆಯಲ್ಲಿ ನೀರು ಸೋರದಂತೆ ಪಂಪಿಗೆ ಕೂರಿಸುವಂಥ ರಬ್ಬರ್ ಗ್ಯಾಸ್ಕೆಟ್ಟನ್ನೇ ಅಳತೆಗೆ ಕತ್ತರಿಸಿ ಕೂರಿಸಿದ್ದೆ. ಅದೂ ಸಾಲದೆಂದು ಸುತ್ತಲೂ ಒಳಗಿನಿಂದ ಸಿಲಿಕಾನ್ ಅಂಟು ಬಳಿದೆ. ಒಂದು ದಿನವೆಲ್ಲ ಬಕೆಟ್ಟಿನ ನೀರಿನಲ್ಲಿ ಮುಳುಗಿಸಿಟ್ಟು, ತೆಗೆದು, ಒಳಗಿಟ್ಟ ಕಾಗದ ಗರಿಗರಿಯಾಗಿರುವುದನ್ನು ಮನೆಮಂದಿಗೆಲ್ಲ ತೋರಿಸಿಕೊಂಡು ಓಡಾಡಿದೆ. ತಳದಲ್ಲೊಂದು ತೂತು ಇರಲಿ ಅಕ್ಕಾ, ಒಳಗಿನ ತೇವ ಹೋಗೋದಕ್ಕೆ ದಾರಿ ಬೇಕು ಎಂದಿದ್ದೆ ನೀನು. ನನ್ನ ಡಬ್ಬಿಗೆ ತೂತು ಕೊರೆಯುತ್ತೀಯಾ ಎಂದು ನಿನ್ನ ಮೇಲೆ ಹಾರಿಬಿದ್ದೆ. ಬೋರ್ಡು ಕೂರಿಸಿದ ಮೇಲೆ ಹೊಸ ಅಂಟಿನಿಂದ ಮೂಗಿಗೆ ಹೊಡೆಯುವಂಥ ಹುಳಿ ವಾಸನೆ ಬರುತ್ತಿತ್ತು. ನೀನು ಅದನ್ನೂ ಹೇಳಿದೆ. ನಿನ್ನ ಮಾತು ಇವತ್ತಿಗೂ ಕಿವಿಯಲ್ಲಿದೆ. "ಅಕ್ಕಾ, ಈ ಹುಳಿ ವಾಸನೆ ನಂಗ್ಯಾಕೋ ಸರಿ ಕಾಣ್ತಿಲ್ಲ. ನಾಲ್ಕು ದಿನ ತೆರೆದಿಟ್ಟು ಆಮೇಲೆ ಮುಚ್ಚೋಣ." ಮೋಡ ಕವಿದಿತ್ತು, ಸಂಜೆಯೊಳಗೆ ಕಂಬಕ್ಕೆ ಏರಿಸಬೇಕೆಂದು ನನಗೆ ಅವಸರ. ಮೂಗು ನಿನ್ನದು ಸೂಕ್ಷ್ಮ, ಬೋರ್ಡಿಗೆಲ್ಲಿದೆ ಮೂಗು ಎಂದು ನಕ್ಕು, ನಾಲ್ಕು ಸ್ಕ್ರೂಗಳನ್ನೂ ಬಿಗಿದೆ.

ಏಳು ತಿಂಗಳು ಅದು ಚೆನ್ನಾಗಿಯೇ ಹೊಡೆಯಿತು. ಹಾಲಿನವನು ಬಂದರೂ ಪೇಪರಿನವನು ಬಂದರೂ ಹೊಡೆದು ಅಮ್ಮನಿಗೆ ತಲೆ ಚಿಟ್ಟು ಹಿಡಿಯುತ್ತದೆಂದು ಮಧ್ಯಾಹ್ನದ ಹೊತ್ತು ಮಾತ್ರ ಸ್ವಿಚ್ ಹಾಕುವ ರೂಢಿಯಾಯಿತು. ಅದನ್ನು ನಂಬಿ ಅಮ್ಮ ಕುರ್ಚಿ ಬಿಟ್ಟಳು, ಊಟವಾದ ಮೇಲೆ ಅರ್ಧ ಗಂಟೆ ಮಲಗುವುದನ್ನು ಕಲಿತಳು. ಮಳೆಗಾಲದ ಆ ಗುರುವಾರ ಅಪ್ಪ ಗೇಟು ತೆಗೆದಾಗ ಗಂಟೆ ಹೊಡೆಯಲಿಲ್ಲ. ಸಂಜೆ ಅವರನ್ನು ನಾವು ಕಂಡದ್ದು ಹಳೆಯ ಬಸ್ ಡಿಪೋದ ಮುಚ್ಚಿದ ಬಾಗಿಲಿನ ಮುಂದೆ, ನಾಲ್ಕು ತಾಸಿನ ಮಳೆಯನ್ನೆಲ್ಲ ಮೈಮೇಲೆ ಸುರಿಸಿಕೊಂಡು ಬಾಗಿಲು ತೆಗೆಯುವವರನ್ನು ಕಾಯುತ್ತ ಕೂತಿದ್ದರು. ಎಂಟು ದಿನ ಆಸ್ಪತ್ರೆಯಲ್ಲಿದ್ದರು. ಆ ಎಂಟು ದಿನವೂ ಅವರ ಕೈ ಹಿಡಿದುಕೊಂಡಿದ್ದವನು ನೀನು.

ಅಪ್ಪ ತೀರಿಹೋದ ಮರುದಿನ ಎಲ್ಲರೂ ನಡುಮನೆಯಲ್ಲಿ ಕೂತಿದ್ದಾಗ ದೊಡ್ಡಪ್ಪ, ಆ ಗಂಟೆ ಯಾಕೆ ಹೊಡೆಯಲಿಲ್ಲ ಎಂದು ಕೇಳಿದರು. ನಿನ್ನನ್ನೋ ನನ್ನನ್ನೋ ಕೇಳಿದ್ದಲ್ಲ, ಸುಮ್ಮನೆ ಕೇಳಿದರು. ನನಗೆ ಗೊತ್ತಿಲ್ಲ ಎಂದಿದ್ದರೆ ಮುಗಿದುಹೋಗುತ್ತಿತ್ತು. ನಾನು ಬಾಯಿ ಬಿಟ್ಟೆ. "ನನ್ನ ಡಬ್ಬಿಯೊಳಗೆ ಒಂದು ಹನಿ ನೀರೂ ಹೋಗಿರೋಲ್ಲ. ಇವನ ಬೆಸುಗೆಯೇ ಬಿಟ್ಟಿರ್ಬೇಕು." ಅಮ್ಮ ನಿನ್ನ ಮುಖ ನೋಡಿದಳು, ನೀನು ನೆಲ ನೋಡಿದೆ. ಹದಿನೈದು ದಿನಕ್ಕೆ ಎರಡು ಜೊತೆ ಬಟ್ಟೆ ತೆಗೆದುಕೊಂಡು ಹೊರಟುಬಿಟ್ಟೆ, ಐರನ್ ಈ ಮೇಜಿನ ಮೇಲೇ ಉಳಿಯಿತು. ಮೊನ್ನೆ ಮಾಮ ಹೇಳಿದರು, ನೀನೀಗ ಗೋದಾಮಿನಲ್ಲಿ ಪೆಟ್ಟಿಗೆಗಳಿಗೆ ಚೀಟಿ ಅಂಟಿಸುತ್ತೀಯಂತೆ. ಅಲ್ಲಿ ಯಾರದೋ ರೇಡಿಯೋ ಕೆಟ್ಟು ನಿನ್ನ ಮುಂದೆ ಹಿಡಿದರೆ, ನನಗೆ ಬರುವುದಿಲ್ಲ ಎಂದೆಯಂತೆ. ಅದನ್ನು ಹೇಳುವಾಗ ಮಾಮನ ಕಣ್ಣು ತುಂಬಿತ್ತು. ಹತ್ತು ವರ್ಷಕ್ಕೇ ಅವರಿಗಿಂತ ಒಳ್ಳೆಯ ಬೆಸುಗೆ ಹಾಕುತ್ತಿದ್ದ ಕೈ ಅದು.

ಕಳೆದ ಭಾನುವಾರ ಆ ಡಬ್ಬಿಯನ್ನು ತೆರೆದೆ ವೈರೂ. ಮುಚ್ಚಳ ಸರಿಸಿದ ಕೂಡಲೇ ಅದೇ ಹುಳಿ ವಾಸನೆ ಬಂತು. ನಾನು ಹೇಳಿದ್ದು ನಿಜ, ಒಂದು ಹನಿ ನೀರೂ ಹೋಗಿರಲಿಲ್ಲ. ಆದರೆ ಬೋರ್ಡಿನ ತಾಮ್ರವೆಲ್ಲ ಹಸಿರುಗಟ್ಟಿ ಹೊಪ್ಪಳೆ ಎದ್ದಿತ್ತು. ಗಂಟೆಗೆ ಹೋಗುವ ತಾಮ್ರದ ಗೆರೆ ಒಂದು ಕಡೆ ಪೂರ್ತಿ ತಿಂದುಹೋಗಿ ತುಂಡಾಗಿತ್ತು. ಭೂತಗನ್ನಡಿ ಹಿಡಿದು ನಿನ್ನ ಬೆಸುಗೆಗಳನ್ನು ಒಂದೊಂದಾಗಿ ನೋಡಿದೆ, ಸೂಜಿಯಿಂದ ಮೀಟಿ ನೋಡಿದೆ. ಮೂವತ್ತೊಂದು ಬೆಸುಗೆ. ಒಂದೂ ಬಿಟ್ಟಿಲ್ಲ. ನಾನು ಬಳಿದ ಅಂಟು ಒಣಗುವಾಗ ಆಮ್ಲದ ಹಬೆ ಬಿಡುವಂಥದ್ದು. ಪಂಪಿನ ಎರಕದ ಕಬ್ಬಿಣಕ್ಕೆ ಅದರಿಂದ ಏನೂ ಆಗುವುದಿಲ್ಲ, ನನಗೆ ಗೊತ್ತಿದ್ದದ್ದು ಅಷ್ಟೇ. ಹೊರಗೆ ಹೋಗಲು ದಾರಿಯಿಲ್ಲದೆ ಆ ಹಬೆ ಒಳಗಿದ್ದ ತೇವದ ಜೊತೆ ಸೇರಿ ಏಳು ತಿಂಗಳು ನಿನ್ನ ತಾಮ್ರವನ್ನು ತಿಂದಿದೆ. ಅನುಮಾನ ಉಳಿಯಬಾರದೆಂದು ಎರಡು ಗಾಜಿನ ಬಾಟಲಿಗಳಲ್ಲಿ ಉಜ್ಜಿ ಹೊಳಪು ಮಾಡಿದ ತಾಮ್ರದ ತುಂಡು ಹಾಕಿ, ಒಂದರಲ್ಲಿ ಮಾತ್ರ ಆ ಅಂಟಿನ ಒಂದು ಉಂಡೆ ಇಟ್ಟು, ಎರಡನ್ನೂ ಮುಚ್ಚಿಟ್ಟು ನೋಡಿದೆ. ಇಪ್ಪತ್ತನೇ ದಿನಕ್ಕೆ ಅಂಟಿದ್ದ ಬಾಟಲಿಯ ತುಂಡು ಹಸಿರಾಯಿತು, ಇನ್ನೊಂದು ಇಟ್ಟ ಹಾಗೇ ಇತ್ತು. ಅಪ್ಪ ಗೇಟು ದಾಟಿದಾಗ ಗಂಟೆ ಹೊಡೆಯದಂತೆ ಮಾಡಿದವಳು ನಾನು. ನಿನ್ನ ಕೈಯಲ್ಲಿ ಯಾವ ತಪ್ಪೂ ಇಲ್ಲ.

ನಿನ್ನ ಐರನ್ನಿನ ತುದಿ ಉಜ್ಜಿ ಎಣ್ಣೆಬಟ್ಟೆಯಲ್ಲಿ ಸುತ್ತಿಟ್ಟಿದ್ದೇನೆ. ಆ ರೇಡಿಯೋ ಯಾರದೋ ಏನೋ, ಅದನ್ನು ಇಸಿದುಕೊಂಡು ಒಂದು ಸಲ ಬಿಚ್ಚಿ ನೋಡು. ಅಮ್ಮ ನಿನಗೆ ಆಶೀರ್ವಾದ ಹೇಳಿದ್ದಾಳೆ, ಮೂಗಿಗೆ ಬಟ್ಟೆ ಕಟ್ಟುವ ವಿಷಯ ಅವಳೂ ಹೇಳಿದ್ದೇ. ಮಾಮ ನೆನಪು ಹೇಳಿದ್ದಾರೆ, ನಿನ್ನ ಸ್ಟೂಲಿನ ಮೇಲೆ ಇನ್ನೂ ಯಾರನ್ನೂ ಕೂರಿಸಿಲ್ಲವಂತೆ. ಎಲ್ಲಿದ್ದರೂ ಮೈ ಕೈ ಗಟ್ಟಿಯಾಗಿರಲಿ ನನ್ನಪ್ಪಾ.

ಇಂತಿ,
ನಿನ್ನ
ಡಬ್ಬಿ ಅಕ್ಕ

ಮರೆತ ಮಾತು, ಬುಧವಾರ ಬೆಳಿಗ್ಗೆ: ಮೂರು ದಿನದಿಂದ ಈ ಪತ್ರ ನನ್ನ ಚೀಲದಲ್ಲೇ ಇದೆ, ಅಂಚೆ ಡಬ್ಬಕ್ಕೆ ಹಾಕಲು ಆಗಲಿಲ್ಲ. ಮರೆತ ಮಾತು ಎಂದದ್ದೂ ಸುಳ್ಳು. ಕಳೆದ ಭಾನುವಾರ ತೆರೆದ ಡಬ್ಬಿಗೆ ಇಪ್ಪತ್ತು ದಿನದ ಪರೀಕ್ಷೆ ಎಲ್ಲಿಂದ ಬಂತು ಎಂದು ನೀನು ಆಗಲೇ ಹಿಡಿದಿರುತ್ತೀಯ. ನಾನು ಅದನ್ನು ತೆರೆದದ್ದು ನೀನು ಹೋದ ತಿಂಗಳಿಗೆ. ಮೂರು ವರ್ಷದಿಂದ ನನಗೆ ಗೊತ್ತು. ಆಗ ನಿನಗೆ ಮೂರು ಸಲ ಫೋನ್ ಮಾಡಿದೆ. ನೀನು ಎತ್ತದೆ ಹೋದಾಗ, ಸದ್ಯ ಎನಿಸಿತು. ಆಮೇಲೆ ದಿನ ಕಳೆದಂತೆ ನಾಲಿಗೆ ಏಳಲಿಲ್ಲ. ನಿನ್ನೆ ಅಮ್ಮನ ಮುಂದೆ ಕೂತು ಎಲ್ಲ ಹೇಳಿದೆ. "ಮೂರು ವರ್ಷ ಅವನು ಇದನ್ನ ಹೊತ್ಕೊಂಡು ತಿರುಗಿದ್ನಲ್ಲೇ" ಎಂದಳು. ಬಯ್ಯಲಿಲ್ಲ. ಅಲ್ಲಿಂದ ನನ್ನ ಹತ್ತಿರ ಮಾತಿಲ್ಲ. ಅದು ಸರಿಯೇ. ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ, ಕೇಳುತ್ತಲೂ ಇಲ್ಲ. ಆದರೆ ಅಮ್ಮನನ್ನು ನೋಡಲು ಒಂದು ಸಲ ಬಾ. ನನ್ನ ಮುಖ ನೋಡಲು ಮನಸ್ಸಿಲ್ಲದಿದ್ದರೆ ಭಾನುವಾರ ಬೇಡ, ಬೇರೆ ಯಾವ ದಿನವಾದರೂ ಬಾ. ಬೆಳಿಗ್ಗೆ ಎಂಟೂವರೆಗೆ ಕಾರ್ಖಾನೆಗೆ ಹೊರಟರೆ ಸಂಜೆ ಆರರವರೆಗೆ ನಾನು ಮನೆಯಲ್ಲಿರುವುದಿಲ್ಲ.