ಜಾಕಿನಡಿ ಇಡದ ಹಲಗೆ

ಮನೆ, ಹೊಲಿಗೆ ಕೋಣೆ
ಮಾರ್ಚ್ ೧೪, ಮಧ್ಯಾಹ್ನ

ಪ್ರೀತಿಯ ನಮ್ಮ ಮನೆಯವರಿಗೆ,

ಹೇಗಿದ್ದೀರಿ? ಹಡಗಿನ ಅಡುಗೆಮನೆಯಲ್ಲಿ ಎಣ್ಣೆ ಸಿಡಿದು ಸುಟ್ಟ ಕೈ ಮಾಯಿತೇ? "ಸ್ವಲ್ಪ ಕೆಂಪಗಾಗಿದೆ ಅಷ್ಟೇ" ಎಂದು ನೀವು ಬರೆದರೆ ಬೊಬ್ಬೆ ಎದ್ದಿದೆ ಎಂದೇ ಅರ್ಥ; ಹತ್ತು ವರ್ಷ ಜೊತೆಗೆ ಬಾಳಿದವಳಿಗೆ ಅಷ್ಟೂ ಗೊತ್ತಾಗದೇ? ಮುಲಾಮು ಹಚ್ಚಿಕೊಳ್ಳಿ. ಪುಟ್ಟಿಗೆ ಮುಂದಿನ ಹಲ್ಲು ಬಿದ್ದಿದೆ, "ಸಮುದ್ರ" ಎನ್ನಲು ಹೋದರೆ ಬರೀ ಗಾಳಿ ಹೊರಡುತ್ತದೆ. ನಾನೂ ಚೆನ್ನಾಗಿದ್ದೇನೆ. ಗಾಬರಿಯಾಗಬೇಡಿ. (ಹೀಗೆ ಬರೆದ ಮೇಲೆ ಯಾರು ತಾನೇ ಗಾಬರಿಯಾಗದೆ ಇರುತ್ತಾರೆ!) ಮೊದಲೇ ಹೇಳಿಬಿಡುತ್ತೇನೆ, ಯಾರಿಗೂ ಪೆಟ್ಟಾಗಿಲ್ಲ.

ನಿಮ್ಮ ರಜೆಗೆ ನಾವು ಮೂವರೂ ಮಾವನ ಹಳೇ ಟ್ರೇಲರ್ ಮನೆಯನ್ನು ವ್ಯಾನಿಗೆ ಕಟ್ಟಿಕೊಂಡು ಬಂದರಿಗೇ ಬರುವುದೆಂದು ಮಾತಾಗಿತ್ತಲ್ಲ. ಹೋದ ತಿಂಗಳು ಅದನ್ನು ಶೆಡ್ಡಿನಿಂದ ಎಳೆದು ತರುವಾಗ ದಾರಿಯುದ್ದಕ್ಕೂ ಸುಟ್ಟ ರಬ್ಬರಿನ ವಾಸನೆ. ಹಿತ್ತಲಿಗೆ ತಂದು ಬಾಗಿಲು ತೆರೆದರೆ ಕಪಾಟಿನ ಒಂದೇ ಒಂದು ಲೋಟ ನೆಟ್ಟಗಿರಲಿಲ್ಲ. ಮಾವ ಕೆಳಗೆ ಬಗ್ಗಿ ನೋಡಿ, "ಆಕ್ಸಲ್ಲಿನ ಜೀವ ಹೋಗಿದೆ ಕಣಮ್ಮಾ" ಎಂದರು. ಚಕ್ರಗಳನ್ನು ಹೊರುವ ಆ ಅಚ್ಚಿಗೆ ಸ್ಪ್ರಿಂಗ್ ಇಲ್ಲವಂತೆ. ಕಬ್ಬಿಣದ ಕೊಳವೆಯೊಳಗೆ ತುರುಕಿದ ರಬ್ಬರಿನ ಹುರಿಗಳೇ ಗುದ್ದು ತಡೆಯುವುದಂತೆ. ನಲವತ್ತು ವರ್ಷಕ್ಕೆ ಅವು ಒಣಗಿ ಕಟ್ಟಿಗೆಯಾಗಿದ್ದವು. ಚಕ್ರ ಹಿಡಿಯುವ ಕೈ ನೆಲದ ಕಡೆ ಬಾಗಿರಬೇಕಾದದ್ದು ಮೇಲಕ್ಕೆ ಎದ್ದು ಟೈರು ಟ್ರೇಲರಿನ ಮೈಗೇ ಉಜ್ಜುತ್ತಿತ್ತು. ಅಳತೆ ಕೊಟ್ಟು ಹೊಸ ಆಕ್ಸಲ್ ಮಾಡಿಸಿದೆವು. ಮಂಗಳವಾರ ಅದು ಬಂತು. ಮೂವತ್ತು ವರ್ಷ ಬಸ್ ಡಿಪೋದಲ್ಲಿ ಮೆಕ್ಯಾನಿಕ್ಕಾಗಿದ್ದವರು, ಬೇರೆಯವರ ಕೈಗೆ ಕೊಡುತ್ತಾರೆಯೇ? "ಇದೇನು ಮಹಾ, ಎರಡು ಗಂಟೆ ಕೆಲಸ" ಎಂದು ಬುಧವಾರ ಬೆಳಿಗ್ಗೆಯೇ ಟ್ರೇಲರನ್ನು ಜಾಕಿನ ಮೇಲೆತ್ತಿ, ಚಕ್ರ ಬಿಚ್ಚಿ, ಅವನ್ನೇ ಅಡಿಯ ಕಬ್ಬಿಣದ ಚೌಕಟ್ಟಿನ ಕೆಳಗೆ ಮಲಗಿಸಿ ಒಳಗೆ ನುಗ್ಗಿದರು. ಬೋಲ್ಟುಗಳೆಲ್ಲ ತುಕ್ಕು. ನಾನು ಎಣ್ಣೆ ಡಬ್ಬಿ ಹಿಡಿದು ನಿಂತಿದ್ದೆ. ಇದ್ದಕ್ಕಿದ್ದಂತೆ ಕಿರ್ರ್ ಎಂದಿತು. ನಲ್ಲಿಯ ನೀರು ಹರಿದು ಮೆತ್ತಗಾದ ಮಣ್ಣಿನಲ್ಲಿ ಜಾಕು ಇಳಿಯುತ್ತಿತ್ತು. ಅದರಡಿ ಹಲಗೆಯೇ ಇರಲಿಲ್ಲ! ಕಣ್ಣೆದುರೇ ಇಡೀ ಟ್ರೇಲರ್ ದಡ್ಡನೆ ಕೂತಿತು. ಹೊರಗೆ ಕಾಣುತ್ತಿದ್ದದ್ದು ಮಾವನ ಎರಡು ಪಾದ ಮಾತ್ರ.

"ಮಾವಾ" ಎಂದೆ. ಮತ್ತೆ ಕೂಗಿದೆ. ಮೂರನೆಯ ಸಲ ಕಿರುಚಿಯೇಬಿಟ್ಟೆ. ಆಮೇಲೆ ಒಳಗಿನಿಂದ, "ಕಿರುಚಬೇಡಮ್ಮಾ, ಮಗು ಹೆದರೀತು. ಚಕ್ರ ತಡೆದಿದೆ, ಗೇಣು ಜಾಗ ಉಳಿದಿದೆ" ಎಂದರು. ಅರ್ಧ ಬಿಚ್ಚಿದ ಹಳೆ ಆಕ್ಸಲ್ ಅವರ ಅಂಗಿಯ ತೋಳನ್ನು ನೆಲಕ್ಕೆ ಒತ್ತಿ ಹಿಡಿದಿತ್ತು, ಜರುಗಲು ಆಗುತ್ತಿರಲಿಲ್ಲ. ಓಡಿಹೋಗಿ ನನ್ನ ದೊಡ್ಡ ಕತ್ತರಿ ತಂದು, ಹೊಟ್ಟೆಯ ಮೇಲೆ ತೆವಳಿ ಅರ್ಧ ಮೈ ಒಳಗೆ ಹಾಕಿದೆ. ತಲೆಯ ಮೇಲೆ ಟನ್ನುಗಟ್ಟಲೆ ಕಬ್ಬಿಣ ಕಟಕಟ ಎನ್ನುತ್ತಿತ್ತು. ಇಷ್ಟು ವರ್ಷ ಬಟ್ಟೆ ಕತ್ತರಿಸಿದ ಕೈ ಆ ಒಂದು ತೋಳು ಕತ್ತರಿಸಲು ಪಟ್ಟ ಪಾಡು ದೇವರಿಗೇ ಗೊತ್ತು. ಅವರ ಕಾಲು ಹಿಡಿದು ಎಳೆದೆ. ಹೊರಗೆ ಬಂದವರು ಧೂಳು ಕೊಡವಿಕೊಂಡು, "ಒಳ್ಳೇ ಅಂಗಿ ಹಾಳು ಮಾಡಿದೆಯಲ್ಲೇ" ಎಂದು ನಕ್ಕರು. ನನಗೆ ನಗು ಬರಲಿಲ್ಲ. ಮೆಟ್ಟಿಲ ಮೇಲೆ ಕೂತು ಗೊಳೋ ಎಂದು ಅತ್ತೆ.

ಮರುದಿನ ಪಕ್ಕದ ಮನೆಯ ಲಾರಿ ಡ್ರೈವರಣ್ಣ ದಪ್ಪ ಹಲಗೆ, ಇನ್ನೆರಡು ಜಾಕು ತಂದು ಹೊಸ ಆಕ್ಸಲ್ ಕೂರಿಸಿಕೊಟ್ಟರು. ಟ್ರೇಲರ್ ಈಗ ಮೊದಲಿಗಿಂತ ನಾಲ್ಕು ಬೆರಳು ಎತ್ತರ ನಿಂತಿದೆ, ಬೀದಿ ಸುತ್ತಿಸಿದರೆ ಸದ್ದೇ ಇಲ್ಲ. ಆದರೆ ನಾನಿನ್ನೂ ಸೂಜಿಗೆ ದಾರ ಪೋಣಿಸಲೂ ಪುಟ್ಟಿಯನ್ನೇ ಕರೆಯುತ್ತೇನೆ.

ಮಾವನ ಆಶೀರ್ವಾದ, ಪುಟ್ಟಿಯ ಮುತ್ತುಗಳು. ಹೊತ್ತಿಗೆ ಸರಿಯಾಗಿ ಉಣ್ಣಿ. ಊರಿಗೆಲ್ಲ ಬಡಿಸಿ ನೀವು ಹಸಿದುಕೊಂಡಿರಬೇಡಿ.

ನಿಮ್ಮ ದಾರಿ ಕಾಯುವ,
ನಿಮ್ಮವಳು

ಮರೆತಿದ್ದೆ. ಮರೆತದ್ದಲ್ಲ, ಬರೆಯಲು ಧೈರ್ಯ ಸಾಲಲಿಲ್ಲ. ಫೋನಿನಲ್ಲಿ ಹೇಳೋಣವೆಂದರೆ ಮಾವ ಪಕ್ಕದಲ್ಲೇ ಕೂತಿರುತ್ತಾರೆ. ಟ್ರೇಲರಿನಡಿ ನಾನು ಅಂಗಿಯ ತೋಳು ಕತ್ತರಿಸುವಾಗ ಅವರು ನನ್ನ ಮುಖವನ್ನೇ ನೋಡುತ್ತಾ, "ಆರೂ ನಲವತ್ತರ ಬಸ್ಸು ಬಿಟ್ಟಾಯ್ತೇನಪ್ಪಾ?" ಎಂದು ಕೇಳಿದರು. ತಮಾಷೆಗಲ್ಲ. ನಾನು ಯಾರೆಂದು ಆ ಗಳಿಗೆ ಅವರಿಗೆ ಗೊತ್ತಿರಲಿಲ್ಲ. ಡಿಪೋದ ಹೊಸಬರಿಗೆಲ್ಲ ಜಾಕಿನಡಿ ಹಲಗೆ ಇಡುವ ಪಾಠ ಹೇಳಿಕೊಟ್ಟವರು ಅದನ್ನು ಮರೆತದ್ದು ಅವಸರಕ್ಕಲ್ಲ. ನಿನ್ನೆ ಮತ್ತೆ ಕೇಳಿದರು, ಊಟದ ತಟ್ಟೆಯ ಮುಂದೆ. ಈಗ ಪುಟ್ಟಿಯನ್ನು ಕೂರಿಸಿಕೊಂಡು ಬಂದರಿನವರೆಗೂ ತಾವೇ ಓಡಿಸುತ್ತೇನೆಂದು ಹಟ ಹಿಡಿದಿದ್ದಾರೆ. ನಾವು ಬರುವುದಿಲ್ಲ. ಹಡಗು ಇಳಿದವರೇ ನೇರ ಮನೆಗೆ ಬನ್ನಿ, ಒಂದು ದಿನವೂ ತಡ ಮಾಡಬೇಡಿ. ವ್ಯಾನಿನ ಕೀಲಿ ನನ್ನ ಸೆರಗಿನ ಗಂಟಿನಲ್ಲಿದೆ; ಅವರು ಹಿತ್ತಲಿನಿಂದ ಕೂಗಿ ಕೇಳುತ್ತಿದ್ದಾರೆ, ನಾನು ಕೇಳಿಸದವಳಂತೆ ಬರೆಯುತ್ತಿದ್ದೇನೆ.